ನಳಿಗೆಯ ಮೇಲಿನ ಮೂರು ಬೊಟ್ಟು

ಚಾಮರಾಜನ ಮನೆಗೆ ಕಾಫಿಗೆಂದು ಹೋಗುವವರು ಒಂದು ಮಾತು ತಿಳಿದಿರಬೇಕು. ಅಲ್ಲಿ ಕೂರಲು ಕುರ್ಚಿ ಸಿಗುವುದಿಲ್ಲ. ಒಂದರ ಮೇಲೆ ಯಾರದೋ ಮಿಕ್ಸಿಯ ಮೋಟರು, ಇನ್ನೊಂದರ ಮೇಲೆ ಹೊಟ್ಟೆ ಬಿಚ್ಚಿಕೊಂಡ ಗಡಿಯಾರ, ಸೋಫಾದ ಮೇಲೆ ಚಕ್ರವಿಲ್ಲದ ಮಗುವಿನ ಗಾಡಿ. "ಇವ್ರಿಗೆ ಕೆಟ್ಟಿರೋದೆಲ್ಲ ಬೇಕು, ನೆಟ್ಟಗಿರೋಳು ನಾನೊಬ್ಬಳು ಬೇಡ," ಎಂದು ಅವನ ಹೆಂಡತಿ ನಾಗಮಣಿ ಹೇಳುವುದನ್ನು ಡಬ್ಲಿನ್ ಪಕ್ಕದ ನಮ್ಮ ಲೀಕ್ಸ್‌ಲಿಪ್‌ನ ಕನ್ನಡದವರೆಲ್ಲ ಕೇಳಿದ್ದಾರೆ. ಅವಳು ಹಾಗೆಂದಾಗಲೆಲ್ಲ ಅವನು ತಲೆ ಎತ್ತದೆ ನಗುತ್ತಾನೆ. ಕೈಯಲ್ಲಿ ಸ್ಕ್ರೂಡ್ರೈವರ್ ತಿರುಗುತ್ತಲೇ ಇರುತ್ತದೆ.

ಅವನದು ಚಿಪ್ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಅಡಿಯಿಂದ ಮುಡಿಯವರೆಗೆ ಬಿಳಿ ದಿರಿಸು ತೊಟ್ಟು ಒಳಗೆ ಹೋಗಬೇಕು, ಒಂದು ಧೂಳಿನ ಕಣವೂ ಜೊತೆಗೆ ಹೋಗುವಂತಿಲ್ಲ. ಅಲ್ಲಿ ಯಾವ ಭಾಗ ಕೆಟ್ಟರೂ ಕಿತ್ತು ಹೊಸದು ಹಾಕುತ್ತಾರೆಯೇ ಹೊರತು ರಿಪೇರಿ ಎಂಬುದಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವನ ಮಗನಿಗೆ ಅಷ್ಟರಿಂದ ಹೊಟ್ಟೆ ತುಂಬೀತು, ಕೈ ತುಂಬೀತೇ? ಅದಕ್ಕೇ ಮನೆಯ ಕುರ್ಚಿಗಳ ಮೇಲೆ ಊರಿನವರ ಸಾಮಾನು.

ನಾನು ಗುರುಪ್ರಸಾದ, ಅವನ ಬೀದಿಯವನು, ಬಸವನಗುಡಿಯ ಶುದ್ಧ ಸಸ್ಯಾಹಾರಿ. ಕಂಪ್ಯೂಟರ್ ಬಿಟ್ಟರೆ ಬೇರೆ ಯಾವ ಯಂತ್ರವನ್ನೂ ಮುಟ್ಟಿದವನಲ್ಲ. ನನಗೂ ಕೋವಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಂಥವನು ನವೆಂಬರಿನ ಚಳಿಯಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಾತುಕೋಳಿ ಬೇಟೆಗೆ ಹೋದೆನೆಂದರೆ ಅದು ಚಾಮರಾಜನಿಂದ. ಅವನಾದರೂ ಹೋದದ್ದು ಟಾಮ್ ಗೆರಾಟಿಯವರಿಂದ.

ಟಾಮ್ ಅವನ ಪಕ್ಕದ ಮನೆಯವರು. ಡಬ್ಲಿನ್ ಬಸ್ಸು ಓಡಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಚಾಮರಾಜನ ಮಗಳು ಐಶು ಹುಟ್ಟಿದಾಗ ಸೇಬಿನ ಕಡುಬಿನಂಥದ್ದೊಂದನ್ನು ಬೇಯಿಸಿ ತಂದು ಬಾಗಿಲಲ್ಲಿ ನಿಂತ ಮನುಷ್ಯ. ಐಶು ಈಗ ಕಾಲೇಜಿಗೆ ಹೋಗುತ್ತಾಳೆ, ಅವರ ಬಾಯಿಂದಲೇ ಇಂಗ್ಲಿಷ್ ಕಲಿತವಳಂತೆ ಮಾತಾಡುತ್ತಾಳೆ. ಚಾಮರಾಜ ಟಾಮ್ ಅವರ ಹುಲ್ಲು ಕತ್ತರಿಸುವ ಯಂತ್ರ ಸರಿಮಾಡಿದ, ಆಮೇಲೆ ರೇಡಿಯೋ. ಒಂದು ವಸಂತದಲ್ಲಿ ಅವರು ಬೇಲಿಯ ಆಚೆಯಿಂದ ಕೇಳಿದರು. ಅವರದು ಇಂಗ್ಲಿಷೇ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಚಾಮ್, ನಮ್ಮಪ್ಪನ ಕೋವಿ ಒಂದಿದೆ. ನೋಡ್ತೀಯಾ?"

ನೂರು ವರ್ಷಕ್ಕೂ ಹಳೆಯದಾದ ಜೋಡಿನಳಿಗೆ ಕೋವಿ ಅದು. ಡಬ್ಲಿನ್‌ನಲ್ಲಿ ಎಂದೋ ಮುಚ್ಚಿಹೋದ ಅಂಗಡಿಯೊಂದರಲ್ಲಿ ಮಾಡಿದ್ದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಜಡೆಯ ಹಾಗೆ ಹೆಣೆದು ಕಾಯಿಸಿ ಬಡಿದ ನಳಿಗೆ. ತಂದೆ ತೀರಿಕೊಂಡ ಮೇಲೆ ಟಾಮ್ ಅದರಲ್ಲೇ ಕೆಲವು ಕಾಲ ಬೇಟೆಯಾಡಿದ್ದರು. ಹಿಡಿಯ ಮರ ಸೀಳಿದ ಮೇಲೆ ಅದನ್ನು ತಮ್ಮ ಗೆಳೆಯ ಡೆಕ್ಲನ್‌ನ ಕೋವಿ ಅಂಗಡಿಯ ಬೀರುವಿಗೆ ಸೇರಿಸಿ, ಹೊಸದೊಂದನ್ನು ಕೊಂಡಿದ್ದರು. ಈಗ ಅದನ್ನು ಮತ್ತೆ ಎತ್ತಬೇಕೆಂಬ ಆಸೆಗೆ ಕಾರಣವಿತ್ತು. ಅವರ ಕಣ್ಣಿನ ನೋಟ ನಿಧಾನಕ್ಕೆ ಮಂಜಾಗುತ್ತಿತ್ತು. ಈ ಚಳಿಗಾಲ ಹೇಗೋ ನಡೆದೀತು, ಆಮೇಲೆ ಕೋವಿ ಬೇಡ ಎಂದು ಡಾಕ್ಟರು ಹೇಳಿದ್ದರು. ನವೆಂಬರಿನ ಕೊನೆಗೆ ಅವರ ಲೈಸೆನ್ಸೂ ಮುಗಿಯುತ್ತಿತ್ತು.

"ಒಂದೇ ಒಂದು ಸಲ. ಅಪ್ಪ ಕೂರ್ತಿದ್ದ ಕೆರೆ, ಅಪ್ಪನ ಕೋವಿ. ಅಷ್ಟಾದ್ರೆ ಸಾಕು, ಬೇರೆ ಏನೂ ಬೇಡ," ಎಂದರು.

ಲೈಸೆನ್ಸ್ ಇಲ್ಲದವನು ಕೋವಿಯನ್ನು ಮನೆಗೆ ತರುವಂತಿಲ್ಲ. ಹಾಗಾಗಿ ಚಾಮರಾಜ ಬೇಸಿಗೆಯಿಡೀ ಶನಿವಾರಗಳನ್ನು ಡೆಕ್ಲನ್‌ನ ಕಾರ್ಯಾಗಾರದಲ್ಲಿ, ಅವನ ಕಣ್ಣೆದುರೇ ಕಳೆದ. ಡೆಕ್ಲನ್ ಒಳ್ಳೆಯವನು. ಆಕಾಶ ಕಳಚಿ ಬಿದ್ದರೂ "ಗ್ರ್ಯಾಂಡ್", ಅಂದರೆ ಎಲ್ಲ ಸರಿಯಿದೆ, ಎನ್ನುವ ಜಾತಿ. ಅವನು ನಳಿಗೆಗಳನ್ನು ಪರೀಕ್ಷೆಗೆ ಕಳಿಸಿ, ಹಾರಿಸಲು ಯೋಗ್ಯ ಎಂಬ ಮುದ್ರೆ ಹಾಕಿಸಿ ತಂದ. ಚಾಮರಾಜ ಸೀಳಿದ ಹಿಡಿಯನ್ನು ಬೆಸೆದ, ಎಣ್ಣೆ ಕುಡಿಸಿದ, ಸವೆದ ಗೆರೆಗಳನ್ನು ಮತ್ತೆ ಕೊರೆದ. ಎಡ ನಳಿಗೆಯ ಬುಡದಲ್ಲಿ ಕಡಲೆಬೇಳೆಯಷ್ಟು ಅಗಲಕ್ಕೆ ತುಕ್ಕು ತಿಂದು ಗುಳಿಬಿದ್ದ ಗುರುತೊಂದಿತ್ತು. ಅದರ ಮೇಲೆ ಅವನಿಗೆ ವಿಪರೀತ ಸಿಟ್ಟು. ನಳಿಗೆಯ ದಪ್ಪ ಅಳೆದು ಅಳೆದು, ನಯವಾದ ಉಜ್ಜುಕಾಗದ ಹಿಡಿದು, ಹಲವು ಶನಿವಾರ ಉಜ್ಜಿ ಉಜ್ಜಿ ಅದನ್ನು ಅಳಿಸಿದ. ಫೋನಿನಲ್ಲಿ ಅದರ ಫೋಟೋ ನನಗೆ ತೋರಿಸುತ್ತ, "ಎಲ್ಲಿತ್ತು ಹೇಳು ನೋಡೋಣ?" ಎಂದು ಕೇಳಿದ. ನನಗೆ ಕಾಣಲಿಲ್ಲ. ಸೀಮಂತಕ್ಕೆ ಸಿದ್ಧಳಾದ ಹೆಣ್ಣಿನಷ್ಟು ಬೀಗಿದ.

ಟಾಮ್ ಮಾತ್ರ ಕಾರ್ಯಾಗಾರಕ್ಕೆ ಒಮ್ಮೆಯೂ ಬರಲಿಲ್ಲ. ಪೂರ್ತಿ ಆದ ಮೇಲೇ ಕೈಗೆ ತೆಗೆದುಕೊಳ್ಳುತ್ತೇನೆ ಎಂದಿದ್ದರು.

ಕೊನೆಗೆ ಉಳಿದದ್ದು ನಳಿಗೆಗೆ ಕಂದು ಬಣ್ಣ ಬರಿಸುವ ಕೆಲಸ. ಬಣ್ಣವೆಂದರೆ ಬಳಿಯುವುದಲ್ಲ, ಹದವಾಗಿ ತುಕ್ಕು ಹಿಡಿಸುವುದು. ಔಷಧ ಸವರಿ, ತೇವದಲ್ಲಿಟ್ಟು, ಬಿಸಿನೀರಲ್ಲಿ ಕುದಿಸಿ, ಉಜ್ಜಿ, ಮತ್ತೆ ಸವರಬೇಕು. ವಾರಗಟ್ಟಲೆ ಹೀಗೆ ಮಾಡಿದರೆ ಜಡೆಯ ಹೆಣಿಗೆ ನಿಧಾನವಾಗಿ ಮೇಲೆದ್ದು ಕಾಣುತ್ತದೆ. ಆಮೇಲೆ ಚೆನ್ನಾಗಿ ಎಣ್ಣೆ ಸವರಿದರೆ ತುಕ್ಕು ಅಲ್ಲಿಗೆ ನಿಲ್ಲುತ್ತದೆ. ಹೆಣಿಗೆ ಎದ್ದಿತು. ಎಣ್ಣೆಯೊಂದು ಬಾಕಿ. ಅಷ್ಟರಲ್ಲಿ ಆಯುಧಪೂಜೆ ಬಂತು.

ಮೈಸೂರಿನವನಿಗೆ ಆಯುಧಪೂಜೆಯ ದಿನ ಕೈಯಲ್ಲೊಂದು ನಿಜವಾದ ಆಯುಧ ಸಿಕ್ಕರೆ ಬಿಡುತ್ತಾನೆಯೇ? ಇಷ್ಟು ವರ್ಷ ಪಾಪ ಕಾರಿಗೆ, ನಾಗಮಣಿಯ ಈಳಿಗೆಮಣೆಗೆ ಬೊಟ್ಟಿಟ್ಟು ಸಮಾಧಾನ ಮಾಡಿಕೊಂಡಿದ್ದ. ಡೆಕ್ಲನ್‌ನನ್ನು ಕೇಳಿದ, ಅವನು "ಗ್ರ್ಯಾಂಡ್" ಎಂದ. ಏನಕ್ಕೆ ಒಪ್ಪಿದೆನೆಂದು ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಚಾಮರಾಜ ಅರ, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸಿ, ನಡುವೆ ಕೋವಿಯನ್ನು ಮಲಗಿಸಿ, ಎಲ್ಲಕ್ಕೂ ನೀರಲ್ಲಿ ಕಲಸಿದ ಅರಿಶಿನ, ಕುಂಕುಮ ಹಚ್ಚಿದ. ಬಲ ನಳಿಗೆಗೆ ಮೂರು ಬೊಟ್ಟು ಇಟ್ಟ. ಬೂದುಗುಂಬಳ ಎಲ್ಲಿಂದ ಬರಬೇಕು, ಹ್ಯಾಲೋವೀನ್‌ಗೆಂದು ಅಂಗಡಿಯಲ್ಲಿ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿಯನ್ನೇ ಹೊಸ್ತಿಲಲ್ಲಿ ಒಡೆದ. ಕರ್ಪೂರ ಹಚ್ಚಿದ್ದೇ ತಡ, ಮೇಲಿದ್ದ ಹೊಗೆಯ ಅಲಾರಂ ಕಿರುಚಿಕೊಂಡಿತು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಡೆಕ್ಲನ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದ. ಪೂಜೆ ನೋಡಲು ಹೋಗಿದ್ದ ನಾನು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡೆ.

ಪೂಜೆ ಮುಗಿಯಿತು. ಎಣ್ಣೆ ಬಟ್ಟೆ ಪಕ್ಕದಲ್ಲೇ ಇತ್ತು. ಡೆಕ್ಲನ್ ಅದರ ಕಡೆ ಕೈಚಾಚಿದಾಗ ಚಾಮರಾಜ ತಡೆದ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಅಪ್ಪನ ಅಂಗಡಿಯಲ್ಲಿ ಚಿಕ್ಕವನಿದ್ದಾಗ ಒಮ್ಮೆ ಪೂಜೆಯ ಸಾಲಿನಿಂದ ಸ್ಕ್ರೂಡ್ರೈವರ್ ಎತ್ತಿದ್ದಕ್ಕೆ ಬೆನ್ನ ಮೇಲೆ ಬಿದ್ದ ಏಟು ಅವನಿಗೆ ಇನ್ನೂ ನೆನಪಿದೆ. "ಒಂದು ರಾತ್ರಿ ತಾನೇ, ಹಾಗೇ ಇರ್ಲಿ," ಎಂದ.

ಮಂಡಿ ಮೊಹಲ್ಲಾದ ಅಕ್ಟೋಬರ್ ಬೇರೆ, ನಮ್ಮ ಕಿಲ್ಡೇರ್ ಜಿಲ್ಲೆಯ ಅಕ್ಟೋಬರ್ ಬೇರೆ. ಅಲ್ಲಿ ಬೊಟ್ಟು ಹತ್ತು ನಿಮಿಷಕ್ಕೆ ಒಣಗಿ ಉದುರುತ್ತದೆ. ಇಲ್ಲಿ ಗೋಡೆಯೂ ಬೆವರುವ ತೇವ, ಮೇಲಾಗಿ ಎಣ್ಣೆ ಕಾಣದ ಹಸಿ ಉಕ್ಕು. ಮರುದಿನ ಸಂಜೆ ಕೈಮುಗಿದು ಕುಂಕುಮ ಒರೆಸಿದರೆ ಅದರಡಿಯಲ್ಲಿ ಮೂರು ಕಪ್ಪು ಕಲೆ. ಉಗುರಿನಲ್ಲಿ ಕೆರೆದರೆ ಮೂರೂ ಕಡೆ ಸಣ್ಣಗೆ ಗುಳಿ ಬಿದ್ದದ್ದು ತಿಳಿಯುತ್ತಿತ್ತು. ಚಾಮರಾಜ ಅಲ್ಲೇ ತಲೆ ಮೇಲೆ ಕೈಹೊತ್ತು ಕೂತ.

ಡೆಕ್ಲನ್ ನೋಡಿದ. ಮೊದಲ ಸಲ ಅವನ ಬಾಯಿಂದ ಗ್ರ್ಯಾಂಡ್ ಬರಲಿಲ್ಲ. ಸರಿಮಾಡಬೇಕಾದರೆ ಬಣ್ಣವನ್ನೆಲ್ಲ ಕಿತ್ತು ಮೊದಲಿನಿಂದ ಶುರುಮಾಡಬೇಕು. ಅಷ್ಟರಲ್ಲಿ ಟಾಮ್ ಅವರ ಲೈಸೆನ್ಸ್ ಮುಗಿದಿರುತ್ತದೆ. "ಹಾರಿಸೋಕೆ ಏನೂ ತೊಂದರೆ ಇಲ್ಲ. ಅವರ ಕಣ್ಣಿಗೆ ಅದು ಕಾಣೋದೂ ಇಲ್ಲ. ಹೇಳ್ಬೇಡ, ಬಿಡು," ಎಂದ.

ಆಮೇಲೆ ನಾನು ಅವನ ಮನೆಗೆ ಹೋದಾಗ ಕುರ್ಚಿಗಳೆಲ್ಲ ಖಾಲಿ. ಅವನ ಮನೆಯಲ್ಲಿ ಆರಾಮವಾಗಿ ಕೂತದ್ದು ನಾನು ಅದೇ ಮೊದಲು. ನನಗೆ ಭಯವಾಯಿತು. ನಾಗಮಣಿ ಕಾಫಿ ಇಟ್ಟು, "ನೀವಾದ್ರೂ ಹೇಳಿ, ಮೂರು ದಿನದಿಂದ ಒಂದು ಮೊಳೇನೂ ಮುಟ್ಟಿಲ್ಲ," ಎಂದು ಒಳಗೆ ಹೋದಳು.

"ಡೆಕ್ಲನ್ ಹೇಳಿದ್ದು ಸರಿ ಕಣೋ," ಎಂದೆ. "ಮುದುಕರು ಖುಷಿಯಾಗಿ ಒಂದು ದಿನ ಹೋಗಿ ಬರ್ಲಿ. ಯಾಕೆ ಹೇಳಿ ನೋಯಿಸ್ತೀಯ?"

"ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ ಗುರು? ಇವತ್ತಲ್ಲ ನಾಳೆ ಗೊತ್ತಾಗತ್ತೆ."

"ಗೊತ್ತಾದಾಗ ನೋಡ್ಕೊಂಡ್ರಾಯ್ತು."

"ಅದಲ್ಲ," ಎಂದ. ಅವನ ದನಿ ಸಣ್ಣದಾಗಿತ್ತು. "ಅವರಪ್ಪನ ಕೋವಿ ಅದು. ನಮ್ಮಪ್ಪನ ಹೊಲಿಗೆ ಮಿಷನ್ ಮೇಲೆ ಯಾರಾದ್ರೂ ಬಂದು ಅವರ ದೇವರ ಹೆಸರಲ್ಲಿ ಕಲೆ ಮಾಡಿ, ಕಾಣಲ್ಲ ಬಿಡು ಅಂದ್ಕೊಂಡು ಸುಮ್ನಿದ್ರೆ ನಂಗೆ ಹೆಂಗಾಗ್ಬೇಕು? ಗುಂಡು ಹಾರಿಸೋಕೆ ಮುಂಚೆ ನಾನು ಹೇಳ್ತೀನಿ. ಬೇಡ ಅಂದ್ರೆ ವಾಪಸ್ ಬರೋದು."

ಬೇಟೆಯ ದಿನ ನೀನೂ ಬಾ ಎಂದ. ಒಬ್ಬನೇ ಹೇಳಲು ಧೈರ್ಯ ಸಾಲದು ಎಂದು ಬಾಯಿಬಿಟ್ಟು ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಕೆರೆ ಇದ್ದದ್ದು ಸ್ಲೈಗೋ ದಾರಿಯಲ್ಲಿ, ಲಾಂಗ್‌ಫರ್ಡ್ ದಾಟಿ ಎಡಕ್ಕೆ. ಟಾಮ್ ಅವರ ಸಂಬಂಧಿಕರ ಜಮೀನು. ನಸುಕಿನಲ್ಲೇ ಹೊರಟೆವು. ಡೆಕ್ಲನ್ ಕೋವಿಗಳನ್ನೂ ತನ್ನ ನಾಯಿ ಬೆಸ್ಸಿಯನ್ನೂ ಹಾಕಿಕೊಂಡು ತನ್ನ ವ್ಯಾನಿನಲ್ಲಿ ಮುಂದೆ ಹೋದ. ನಮ್ಮ ಕಾರಿನಲ್ಲಿ ಟಾಮ್ ದಾರಿಯುದ್ದಕ್ಕೂ ಮಾತು. ಅಪ್ಪನ ಸೈಕಲ್ಲಿನ ಹಿಂದೆ ಕೂತು ಇದೇ ಕೆರೆಗೆ ಬರುತ್ತಿದ್ದದ್ದು, ಬಾತುಗಳು ಎದ್ದಾಗ ಅಪ್ಪ ಉಸಿರು ಬಿಗಿಹಿಡಿಯುತ್ತಿದ್ದದ್ದು, ಎಲ್ಲ ಹೇಳಿದರು. ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಚಾಮರಾಜ ಎರಡು ಸಲ ಗಂಟಲು ಸರಿಮಾಡಿಕೊಂಡ. ಎರಡು ಸಲವೂ ಟಾಮ್ ಇನ್ನೊಂದು ಕಥೆ ಶುರುಮಾಡಿದರು.

ಕೆರೆಯಂಚಿನ ಜೊಂಡಿನ ನಡುವೆ ಹಲಗೆ ಹಾಕಿ ಮಾಡಿದ ಮರೆ ಒಂದಿತ್ತು. ಟಾಮ್, ಚಾಮರಾಜ, ನಾನು ಅದರಲ್ಲಿ ಕೂತೆವು. ಡೆಕ್ಲನ್ ಕೋವಿಯನ್ನು ಚೀಲದಿಂದ ತೆಗೆದು ಟಾಮ್ ಕೈಗಿಟ್ಟು, ಚಾಮರಾಜನ ಮುಖ ಒಮ್ಮೆ ನೋಡಿ, ನಾಯಿಯೊಂದಿಗೆ ಆಚೆ ದಡಕ್ಕೆ ಹೋದ. ನನ್ನ ಪಾಲಿಗೆ ಬಂದದ್ದು ನಾಗಮಣಿ ಕೊಟ್ಟ ಚಹಾದ ಫ್ಲಾಸ್ಕು, ಚಪಾತಿ ಪಲ್ಯದ ಡಬ್ಬಿ. ಹಳೆಯ ನಳಿಗೆಗೆ ಉಕ್ಕಿನ ಚರೆ ಆಗದು, ನೀರಿನ ಮೇಲೆ ಸೀಸದ ಚರೆ ಹಾರಿಸಲು ಕಾನೂನು ಬಿಡದು ಎಂದು ಡೆಕ್ಲನ್ ಬಿಸ್ಮತ್ ಎಂಬ ಲೋಹದ ಚರೆ ತುಂಬಿದ ತೋಟಾಗಳನ್ನು ತಂದಿದ್ದ. ಟಾಮ್ ಅವನ್ನು ಜೇಬಿನಲ್ಲೇ ಇಟ್ಟುಕೊಂಡರು. ಕೋವಿಯನ್ನು ತೊಡೆಯ ಮೇಲೆ ಮಲಗಿಸಿ ಹಿಡಿಯ ಮೇಲೆ ಅಂಗೈ ಆಡಿಸಿದರು. ಮರ ಎಷ್ಟು ನುಣುಪಾಗಿದೆ ಎಂದರು. ಆಮೇಲೆ ಕೈಗವಸು ಕಳಚಿದರು.

ಬೆಳಕು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ. ಅವರ ಹೆಬ್ಬೆರಳು ಎಡ ನಳಿಗೆಯ ಬುಡಕ್ಕೆ ಹೋಯಿತು. ಅಲ್ಲಿ ನಿಂತಿತು. ಹಿಂದೆ ಬಂತು, ಮುಂದೆ ಹೋಯಿತು, ಮತ್ತೆ ಅಲ್ಲೇ ಬಂತು. ಏನನ್ನೋ ಹುಡುಕುವಂತಿತ್ತು. ಹೆಬ್ಬೆರಳು ನಿಧಾನವಾಗಿ ಬಲ ನಳಿಗೆಗೆ ದಾಟಿತು. ಒಂದು, ಎರಡು, ಮೂರು ಕಡೆ ನಿಂತಿತು. ಕಣ್ಣಿಗೆ ಕಾಣುವುದಿಲ್ಲವೆಂದು ಡೆಕ್ಲನ್ ಹೇಳಿದ್ದ, ಬೆರಳಿನ ವಿಚಾರ ಅವನೂ ಯೋಚಿಸಿರಲಿಲ್ಲ.

"ಟಾಮ್," ಎಂದ ಚಾಮರಾಜ. "ಅದು ನಾನು ಮಾಡಿದ್ದು. ನಮ್ಮಲ್ಲಿ ವರ್ಷಕ್ಕೊಂದು ದಿನ ಆಯುಧಕ್ಕೆ ಪೂಜೆ ಮಾಡ್ತೀವಿ. ಕುಂಕುಮ ಇಟ್ಟೆ. ಒರೆಸ್ಬಾರ್ದು ಅಂತ ರಾತ್ರಿ ಹಾಗೇ ಬಿಟ್ಟೆ. ತುಕ್ಕು ತಿಂದುಬಿಡ್ತು. ನಿಮ್ಮಪ್ಪನ ಕೋವಿ ಕೆಡಿಸಿಬಿಟ್ಟೆ. ನಿಮಗೆ ಬೇಡ ಅನ್ನಿಸಿದ್ರೆ ಈಗಲೇ ವಾಪಸ್ ಹೋಗೋಣ. ನಾನು ಪೂರ್ತಿ ಮತ್ತೆ ಮಾಡ್ತೀನಿ."

ಟಾಮ್ ಬಾಯಿ ತೆರೆದರು. ಅಷ್ಟರಲ್ಲಿ ತಲೆಯ ಮೇಲೆ ರೆಕ್ಕೆಯ ಸದ್ದು. ಅವರು ಕೈಯೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಎರಡು ತೋಟಾ ನಳಿಗೆಯೊಳಗೆ ಸೇರಿದವು, ಕೋವಿ ಮೆಲ್ಲಗೆ ಮುಚ್ಚಿಕೊಂಡಿತು. ಪೂರ್ವದ ಕಡೆ ಆಕಾಶ ಬೆಳ್ಳಗಾಗುತ್ತಿತ್ತು. ಅದರ ಮೇಲೆ ಕಾಡುಬಾತುಗಳ ಹಿಂಡೊಂದು ಕತ್ತು ಚಾಚಿ ಕೆರೆಯನ್ನು ಒಂದು ಸುತ್ತು ಹಾಕಿತು. ನಾನು ಕಿವಿ ಮುಚ್ಚಿಕೊಂಡೆ. ಚಾಮರಾಜ ಕಣ್ಣು ಮುಚ್ಚಿಕೊಂಡಿದ್ದ. ಹಕ್ಕಿಗಳಿಗಾಗಿ ಅಲ್ಲ, ಆ ನಳಿಗೆಗಾಗಿ.

ಮೊದಲ ಗುಂಡು ತಪ್ಪಿತು. ಹಿಂಡು ಚದುರಿ ಮೇಲೆದ್ದಿತು. ಟಾಮ್ ಅವಸರ ಮಾಡದೆ ಕೋವಿಯನ್ನು ಹಕ್ಕಿಯೊಂದರ ಜೊತೆ ತಿರುಗಿಸುತ್ತ ಹೋಗಿ ಎರಡನೆಯ ಕುದುರೆ ಎಳೆದರು. ಹಸಿರು ತಲೆಯ ಗಂಡು ಬಾತೊಂದು ರೆಕ್ಕೆ ಮಡಚಿ ನೀರಿಗೆ ಬಿತ್ತು. ಬೆಸ್ಸಿ ಈಜಿ ಹೋಗಿ ಅದನ್ನು ಬಾಯಲ್ಲಿ ಹಿಡಿದು ಆಚೆ ದಡದಲ್ಲಿದ್ದ ಡೆಕ್ಲನ್‌ಗೆ ಕೊಟ್ಟಿತು. ಅವನು ಅದನ್ನು ಎತ್ತಿ ತೋರಿಸಿದ. ಟಾಮ್ ಕೈಬೀಸಿದರು, ಕೋವಿಯನ್ನು ಮಡಚಿ ಖಾಲಿ ತೋಟಾ ತೆಗೆದರು. ಮತ್ತೆ ತುಂಬಲಿಲ್ಲ.

"ಸಾಕು," ಎಂದರು. "ಚಹಾ ಕೊಡಿ."

ಕೊಟ್ಟೆ. ಚಾಮರಾಜ ಜೊಂಡಿನ ಕಡೆ ಮುಖ ಮಾಡಿ ಕೂತಿದ್ದ. ಈ ಮುದುಕ ಬೈದಾದರೂ ಮುಗಿಸಬಾರದೇ ಎಂದು ನನಗೆ ಒಳಗೊಳಗೇ ಕೋಪ ಬರುತ್ತಿತ್ತು.

"ಚಾಮ್, ಎಡಗಡೆ ಒಂದು ಗುಳಿ ಇತ್ತಲ್ಲ?"

"ಇತ್ತು," ಎಂದ ಚಾಮರಾಜ. ಅಷ್ಟು ದುಃಖದಲ್ಲೂ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು. "ಅದನ್ನ ಪೂರ್ತಿ ತೆಗೆದೆ. ತುಂಬಾ ದಿನ ಹಿಡೀತು."

ಟಾಮ್ ತಲೆಯಾಡಿಸಿದರು. "ಅದು ನಮ್ಮಮ್ಮ ಮಾಡಿದ್ದು. ಅಪ್ಪ ಬೇಟೆಗೆ ಹೊರಡೋ ಹಿಂದಿನ ರಾತ್ರಿ ಇಗರ್ಜಿಯ ಪವಿತ್ರ ಜಲ ತಂದು ಕೋವಿ ಮೇಲೆ ಅಲ್ಲೇ ಚಿಮುಕಿಸ್ತಿದ್ಳು, ಗಂಡ ಕೆರೆಯಿಂದ ಸುಕ್ಷೇಮವಾಗಿ ಬರ್ಲಿ ಅಂತ. ತುಕ್ಕು ಹಿಡಿಯತ್ತೆ ಕಣೇ ಅಂತ ಅಪ್ಪ ಪ್ರತಿ ವರ್ಷ ಬೈತಿದ್ದ. ಬೈತಿದ್ದನೇ ಹೊರತು ಒಂದು ದಿನಾನೂ ಒರೆಸ್ಲಿಲ್ಲ."

ಚಾಮರಾಜನ ಮುಖದ ರಕ್ತವೆಲ್ಲ ಇಳಿದುಹೋಯಿತು. ಇಷ್ಟು ದಿನ ಅವನು ತಪ್ಪು ಎಂದು ನರಳಿದ್ದು ಆ ಮೂರು ಕಲೆಗೆ. ಬೀಗಿ ಫೋಟೋ ತೆಗೆದು ತೋರಿಸಿದ ಕೆಲಸವೇ ನಿಜವಾದ ನಷ್ಟ ಎಂದು ಆಗ ತಿಳಿಯಿತು. ಉಜ್ಜಿ ಹೋದ ಉಕ್ಕನ್ನು ಯಾರು ವಾಪಸ್ ತಂದಾರು? ಅವನ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು.

"ನಂಗೆ ಗೊತ್ತಿರ್ಲಿಲ್ಲ ಟಾಮ್."

"ನಾನು ಹೇಳಿದ್ರೆ ತಾನೇ ಗೊತ್ತಾಗೋಕೆ." ಟಾಮ್ ಲೋಟ ಕೆಳಗಿಟ್ಟು ಅವನ ಕೈಯನ್ನು ಹಿಡಿದೆಳೆದರು. ಅವನ ಹೆಬ್ಬೆರಳನ್ನು ಬಲ ನಳಿಗೆಯ ಬೊಟ್ಟುಗಳ ಮೇಲೆ ಒತ್ತಿದರು. "ಕತ್ತಲಲ್ಲಿ ಇಲ್ಲಿ ಕೂತು ಆ ಗುಳಿ ಮೇಲೆ ಬೆರಳಿಟ್ರೆ ಅಮ್ಮ ಸಿಗ್ತಿದ್ಳು. ಇವತ್ತು ಹುಡುಕಿದೆ, ಸಿಗ್ಲಿಲ್ಲ. ಎದೆ ಒಂದು ಸಲ ಖಾಲಿ ಆಯ್ತು, ಸುಳ್ಳು ಹೇಳಲ್ಲ. ಆಮೇಲೆ ಇದು ಸಿಕ್ತು. ಇನ್ಮೇಲೆ ಇಲ್ಲಿ ಬೆರಳಿಟ್ರೆ ನೀನು ಸಿಗ್ತೀಯ. ಕಣ್ಣು ಪೂರ್ತಿ ಹೋದ್ಮೇಲೂ ಸಿಗ್ತೀಯ. ಇದನ್ನೂ ಉಜ್ಜಿ ತೆಗೀತೀಯೇನು?"

ಚಾಮರಾಜ ಇಲ್ಲವೆಂದು ತಲೆಯಾಡಿಸಿದ. ನಾನು ಚಪಾತಿಯ ಡಬ್ಬಿ ತೆರೆದು ಮುಂದಿಟ್ಟೆ. ಮೂವರೂ ತಿಂದೆವು.

ಈಗ ಅವನ ಮನೆಯ ಕುರ್ಚಿಗಳು ಮತ್ತೆ ತುಂಬಿವೆ. ಒಂದೇ ವ್ಯತ್ಯಾಸ, ಯಾರು ಏನು ತಂದರೂ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಅವನು ಕೇಳುತ್ತಾನೆ. ಈ ನೆಗ್ಗು ಯಾರದು, ಈ ಗೀರು ಹೇಗಾಯಿತು, ಇದರಲ್ಲಿ ಯಾವುದು ಹಾಗೇ ಉಳಿಯಬೇಕು? ಮಿಕ್ಸಿ ತಂದವರು ಇವನಿಗೇನಾಗಿದೆ ಎಂದು ನನ್ನ ಮುಖ ನೋಡುತ್ತಾರೆ.

ಟಾಮ್ ಲೈಸೆನ್ಸ್ ಮತ್ತೆ ಮಾಡಿಸಲಿಲ್ಲ. ಕೋವಿ ಡೆಕ್ಲನ್‌ನ ಬೀರುವಿನಲ್ಲೇ ಇದೆ. ಈ ವರ್ಷ ಆಯುಧಪೂಜೆಗೆ ಟಾಮ್ ಕೂಡ ಕಾರ್ಯಾಗಾರಕ್ಕೆ ಬಂದಿದ್ದರು, ಐಶು ಕೈಹಿಡಿದು ಕರೆತಂದಿದ್ದಳು. ಎದುರಿಗೆ ನಿಂತವರ ಮುಖವೂ ಅವರಿಗೆ ಈಗ ಸರಿಯಾಗಿ ತಿಳಿಯುವುದಿಲ್ಲ. ಡೆಕ್ಲನ್ ಮುಂಚಿತವಾಗಿಯೇ ಅಲಾರಂ ನಿಲ್ಲಿಸಿದ್ದ. ಚಾಮರಾಜ ಬುದ್ಧಿ ಕಲಿತವನಾಗಿ ಎಣ್ಣೆ ಬಟ್ಟೆಯನ್ನು ಕೈಯಲ್ಲೇ ಹಿಡಿದಿದ್ದ. ಮಂಗಳಾರತಿ ಆದ ಕೂಡಲೇ ಕೋವಿಯೊಂದನ್ನು ಮಾತ್ರ ಒರೆಸಿಬಿಡುವುದು, ಉಳಿದವನ್ನು ನಾಳೆ ಎಂದು ಮನೆಯಲ್ಲೇ ತೀರ್ಮಾನವಾಗಿತ್ತು. ಟಾಮ್ ಜೇಬಿನಿಂದ ಪುಟ್ಟ ಸೀಸೆ ತೆಗೆದು, ಎಡ ನಳಿಗೆಯ ಬುಡವನ್ನು ಬೆರಳಲ್ಲಿ ಹುಡುಕಿ, ಪವಿತ್ರ ಜಲದ ಒಂದು ತೊಟ್ಟು ಅಲ್ಲಿಟ್ಟರು. ಬಲಗಡೆ ಚಾಮರಾಜ ಹಳೆಯ ಕಲೆಗಳ ಮೇಲೆಯೇ ಮೂರು ಬೊಟ್ಟು ಇಟ್ಟ. ಕರ್ಪೂರ ಆರಿತು. ಚಾಮರಾಜ ಬಟ್ಟೆ ಹಿಡಿದು ಮುಂದೆ ಬಾಗಿದ.

ಟಾಮ್ ತಡವರಿಸಿ ಅವನ ಮಣಿಕಟ್ಟು ಹಿಡಿದರು.

"ಒಂದು ರಾತ್ರಿ ತಾನೇ," ಎಂದರು. "ಹಾಗೇ ಇರ್ಲಿ."